ವಾಯಿದೆಗೆ ಹೊರಟ ಅಪ್ಪ-ಅಮ್ಮನಿಗೆ

ನಿಮ್ಮಿಬ್ಬರಲ್ಲಿ ಯಾರು ಸರಿ, ಯಾರು ತಪ್ಪು ಎಂದು ಹೇಳಲು ನಾನು ಕೂತಿಲ್ಲ. ಆ ವಾದ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ವರ್ಗವಾದಲ್ಲೆಲ್ಲ ಕೋರ್ಟಿನ ಕಡತ ಹೊತ್ತು, ಕೇಸು ಕೂಗಿಸಿ, ವಾಯಿದೆ ತಾರೀಖು ಬರೆದು ತಲೆ ನೆರೆಸಿಕೊಂಡವನು ನಾನು. ವಕೀಲನಲ್ಲ, ನ್ಯಾಯಾಧೀಶನಂತೂ ಅಲ್ಲವೇ ಅಲ್ಲ. ಆದರೆ ಮಗು ಬೇಕು ಅಂತ ಬರುವ ಅಪ್ಪ-ಅಮ್ಮಂದಿರು ಎಲ್ಲಿ ಎಡವುತ್ತಾರೆ ಎನ್ನುವುದು ಪೀಠದ ಕೆಳಗಿನ ಆ ಮೇಜಿನಿಂದ ಚೆನ್ನಾಗಿ ಕಾಣುತ್ತದೆ. ಅದನ್ನು ಕಂಡವನು ಹೇಳುವ ಮಾತು ಅಂತ ಕೇಳಿಸಿಕೊಳ್ಳಿ.

ವಿಚ್ಛೇದನದ ಅರ್ಜಿಯಲ್ಲಿ ಕೋರ್ಟು ನಿಮ್ಮ ಸಂಸಾರದ ಒಳಹೊರಗನ್ನೆಲ್ಲ ನೋಡುತ್ತದೆ. ಯಾರು ಕೈ ಮಾಡಿದರು, ಯಾರು ಮನೆ ಬಿಟ್ಟರು, ಯಾರ ಅತ್ತೆ ಏನಂದರು, ಎಲ್ಲವೂ ಬರುತ್ತದೆ. ಮಗುವಿನ ಅರ್ಜಿ ಕೈಗೆತ್ತಿಕೊಂಡಾಗ ಅದೇ ನ್ಯಾಯಾಧೀಶರು ಕಡತವನ್ನು ಬೇರೆ ಕಣ್ಣಿನಿಂದ ಓದುತ್ತಾರೆ. ಈ ಮಗು ಎಲ್ಲಿದ್ದರೆ ಚೆನ್ನಾಗಿ ಬೆಳೆದೀತು? ಅಷ್ಟೇ ಪ್ರಶ್ನೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 13ನೇ ಕಲಂ ಮಗುವಿನ ಕ್ಷೇಮವನ್ನು ಎಲ್ಲಕ್ಕಿಂತ ಮೇಲೆ ಇಡುತ್ತದೆ. ಬ್ರಿಟಿಷರ ಕಾಲದ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಂ ಇನ್ನೂ ಬಿಡಿಸಿ ಹೇಳುತ್ತದೆ: ಮಗುವಿನ ವಯಸ್ಸು, ಅದು ಗಂಡೋ ಹೆಣ್ಣೋ, ಅದರ ಧರ್ಮ, ಕೇಳುವವರ ನಡತೆ ಮತ್ತು ಸಾಮರ್ಥ್ಯ, ಮಗುವಿಗೆ ಅವರು ಎಷ್ಟು ಹತ್ತಿರದವರು, ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವೇನು. 1973ರಲ್ಲೇ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಮಕ್ಕಳು ಅಪ್ಪ-ಅಮ್ಮನ ಸ್ವತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಎಂದು ಹೇಳಿಬಿಟ್ಟಿದೆ. ಅರ್ಧ ಶತಮಾನ ಕಳೆದರೂ ಮಗುವನ್ನು ಜಮೀನಿನ ಪಾಲು ಕೇಳುವ ದನಿಯಲ್ಲಿ ಕೇಳುವವರು ಕಡಿಮೆಯಾಗಿಲ್ಲ.

ಹಾಗೆಂದು ನಿಮ್ಮ ನಡತೆ ಲೆಕ್ಕಕ್ಕೇ ಇಲ್ಲ ಅಂತ ತಿಳಿಯಬೇಡಿ. ಕುಡಿದು ಬಂದು ಹೆಂಡತಿಯ ಮೇಲೆ ಕೈ ಮಾಡಿದ್ದು ಮಗುವಿನ ಕಣ್ಣೆದುರೇ ಆಗಿದ್ದರೆ, ಅದು ಮಗುವಿನ ವಿಷಯವೇ. ಗಂಡ-ಹೆಂಡಿರ ನಡುವೆ ಮಾತು ಮುರಿದು ಮೂರು ವರ್ಷ ಆಯಿತು, ಅವಳು ನನ್ನ ತಾಯಿಗೆ ಗೌರವ ಕೊಡಲಿಲ್ಲ ಎನ್ನುವುದು ಮಗುವಿನ ವಿಷಯವಲ್ಲ. ಪ್ರಮಾಣಪತ್ರ ಬರೆಸುವಾಗ ಈ ಎರಡನ್ನೂ ಕಲಸಿ ನಲವತ್ತು ಪುಟ ಮಾಡುತ್ತಾರೆ. ಅದರಲ್ಲಿ ಮಗುವಿನ ಹೆಸರು ಎಷ್ಟು ಸಲ ಬಂದಿದೆ ಅಂತ ಸಹಿ ಹಾಕುವ ಮೊದಲು ನೀವೇ ಎಣಿಸಿ ನೋಡಿ.

ಈಗ ಯಾವ ಕೋರ್ಟು ಎಂಬ ಮಾತು. ಹಾಸನದಲ್ಲಿ ಕೌಟುಂಬಿಕ ನ್ಯಾಯಾಲಯ ಇದೆ. ತಾಲ್ಲೂಕು ಕೇಂದ್ರಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲೂ ಎಂ.ಸಿ., ಅಂದರೆ ಮದುವೆಯ ಕೇಸುಗಳು ನಡೆಯುತ್ತವೆ; ಹಾಗೆ ಮದುವೆಯ ಕೇಸು ನಡೆಯುತ್ತಿರುವಾಗ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಅದರೊಳಗೇ ಮಗುವಿನ ಅರ್ಜಿಯನ್ನೂ ಹಾಕಬಹುದು. ಮದುವೆಯ ಕೇಸೇ ಇಲ್ಲ, ಮಗುವಿನದಷ್ಟೇ ತಕರಾರು ಎಂದಾದರೆ 1890ರ ಕಾಯ್ದೆಯ ದಾರಿ. ಅದಕ್ಕೆ ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿನ ಕೋರ್ಟಿಗೇ ಅಧಿಕಾರ. ಗಂಡ ಬೆಂಗಳೂರಿನ ಪೀಣ್ಯದಲ್ಲಿ ಕೆಲಸದಲ್ಲಿದ್ದಾನೆ, ಹೆಂಡತಿ ಮಗುವಿನ ಜೊತೆ ಎರಡು ವರ್ಷದಿಂದ ಹೊಳೆನರಸೀಪುರದ ತವರಲ್ಲಿದ್ದಾಳೆ, ಮಗು ಅಲ್ಲೇ ಅಂಗನವಾಡಿಗೆ ಹೋಗುತ್ತಿದೆ ಎಂದರೆ ಕೇಸು ನಿಲ್ಲಬೇಕಾದ್ದು ಈ ಕಡೆ. ಕೇಸಿನ ಹಿಂದಿನ ರಾತ್ರಿ ಮಗುವನ್ನು ಎತ್ತಿಕೊಂಡು ಊರು ಬದಲಾಯಿಸಿದರೆ ಕೋರ್ಟು ಬದಲಾಗುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟರೆ ಅವರನ್ನು ದೂರ ಇಡಿ.

ಹೆಣ್ಣುಮಕ್ಕಳಿಗೆ ಇದರಲ್ಲಿ ಇನ್ನೊಂದು ವಿಷಯ ತಿಳಿದಿರಲಿ. ತಾನು ವಾಸವಿರುವ ಊರಿನ ಕೋರ್ಟಿನಲ್ಲೇ ಹೆಂಡತಿ ವಿವಾಹದ ಅರ್ಜಿ ಹಾಕಬಹುದು ಎಂದು 2003ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ಬಂದಿದೆ. ಗಂಡ ಬೆಂಗಳೂರಿನಲ್ಲಿ ಹೂಡಿದ ಕೇಸನ್ನು ಹಾಸನದ ಕಡೆಗೆ ವರ್ಗಾಯಿಸಿ ಎಂದು ಹೈಕೋರ್ಟನ್ನು ಕೇಳುವ ದಾರಿಯೂ ಇದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಬೆಳಗಿನ ಜಾವದ ಬಸ್ಸು ಹತ್ತಿ ಪ್ರತಿ ವಾಯಿದೆಗೂ ಬೆಂಗಳೂರಿಗೆ ಓಡಬೇಕಿಲ್ಲ. ಮನೆಯಲ್ಲಿ ಹಿಂಸೆ ಇದ್ದರೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಮಿನಡಿ ತಾಲ್ಲೂಕಿನ ಮ್ಯಾಜಿಸ್ಟ್ರೇಟರೇ ಮಗುವನ್ನು ತಾತ್ಕಾಲಿಕವಾಗಿ ನಿಮ್ಮ ವಶಕ್ಕೆ ಕೊಡಿಸಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ಪೊಲೀಸ್ ಠಾಣೆಯ ಬೆಂಚಿನ ಮೇಲೆ ದಿನಗಟ್ಟಲೆ ಕೂತು ವಾಪಸು ಹೋಗಿದ್ದಾರೆ.

ಧರ್ಮದ ಮಾತು ಬೇಗ ಮುಗಿಸುತ್ತೇನೆ. ಹಿಂದೂ ಪಾಲಕತ್ವ ಕಾಯ್ದೆ ಶ್ರವಣಬೆಳಗೊಳದ ಜೈನ ಮನೆಗಳಿಗೂ ಅನ್ವಯಿಸುತ್ತದೆ. ಮುಸ್ಲಿಮರಲ್ಲಿ ಮಗುವನ್ನು ಬಳಿ ಇಟ್ಟುಕೊಳ್ಳುವ ತಾಯಿಯ ಹಕ್ಕು, ಅಂದರೆ ಹಿಜಾನತ್, ಎಷ್ಟು ವಯಸ್ಸಿನವರೆಗೆ ಎಂಬುದಕ್ಕೆ ಅವರದೇ ಕಟ್ಟಳೆಯುಂಟು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ದಾರಿ ಬೇರೆ ಬೇರೆ ಇದ್ದರೂ ಕೊನೆಗೆ ಎಲ್ಲ ಕೋರ್ಟುಗಳೂ ಬಂದು ನಿಲ್ಲುವುದು ಮಗುವಿನ ಕ್ಷೇಮದ ಹತ್ತಿರ.

ಐದು ವರ್ಷದ ವಿಷಯದಲ್ಲಿ ನಮ್ಮ ಕಡೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದು ಹಿಂದೂ ಪಾಲಕತ್ವ ಕಾಯ್ದೆಯ 6ನೇ ಕಲಂ ಹೇಳುತ್ತದೆ. ತಾಯಿ ಇದಕ್ಕೆ ತಕ್ಕವಳಲ್ಲ ಎಂದು ತೋರಿಸಬೇಕಾದ ಹೊಣೆ ತಂದೆಯದು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟನ್ನು ಕೇಳಿದ ಅಪ್ಪಂದಿರು ಕ್ಯಾಲೆಂಡರ್ ನೋಡಿಕೊಂಡು ಕಾಯುತ್ತಾರೆ. ಮಗುವಿನ ಐದನೇ ಹುಟ್ಟುಹಬ್ಬಕ್ಕೆ ಕೇಕೂ ಕಳಿಸದವನು ಮಾರನೇ ದಿನ ವಕಾಲತ್ತು ಹಾಕಿಸುತ್ತಾನೆ. ಅಲ್ಲ ಕಣಪ್ಪ, ಐದು ತುಂಬಿದ ಕೂಡಲೇ ಮಗು ತಾನಾಗಿ ತಂದೆಯ ಕಡೆಗೆ ಹೊರಳಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ. ಐದರ ನಂತರವೂ ಕೇಳುವ ಪ್ರಶ್ನೆ ಅದೇ. ಅಷ್ಟು ವರ್ಷ ನೀನು ಎಲ್ಲಿದ್ದೆ ಎಂಬ ಇನ್ನೊಂದು ಪ್ರಶ್ನೆ ಅದರ ಜೊತೆ ಸೇರಿಕೊಳ್ಳುತ್ತದೆ, ಅಷ್ಟೇ.

ತಾಯಂದಿರೂ ಒಂದು ಮಾತು ಕೇಳಿ. ತಾಯಿ ಎಂಬ ಒಂದೇ ಕಾರಣಕ್ಕೆ ಮಗು ನಿಮ್ಮದಾಗುವುದಿಲ್ಲ. ಸಂಪಾದನೆ ಇಲ್ಲ ಎಂಬ ಕಾರಣಕ್ಕೆ ಕಳೆದುಹೋಗುವುದೂ ಇಲ್ಲ. ಹತ್ತು ಎಕರೆ ತೆಂಗಿನ ತೋಟ ಇರುವವನಿಗೆ ಮಗು, ಗಾರ್ಮೆಂಟ್ಸಿಗೆ ಹೋಗುವವಳಿಗೆ ಇಲ್ಲ ಎಂಬ ಲೆಕ್ಕ ಕೋರ್ಟಿನಲ್ಲಿ ನಡೆಯದು. ದುಡ್ಡು ಇರುವವನಿಂದ ಜೀವನಾಂಶ ಕೊಡಿಸಿದರಾಯಿತು. ಮರುಮದುವೆ ಆದ ತಾಯಿ ಅಷ್ಟಕ್ಕೇ ಮಗುವನ್ನು ಕಳೆದುಕೊಳ್ಳುವುದಿಲ್ಲ ಎಂದೂ ಸುಪ್ರೀಂ ಕೋರ್ಟಿನ ತೀರ್ಪು ಇದೆ.

ಕೋರ್ಟಿಗೆ ತೋರಿಸಲು ಏನು ಒಯ್ಯಬೇಕು ಅಂತ ಕೇಳುತ್ತೀರಿ. ಜನ ತರುವುದು ಪಹಣಿ, ಸೈಟಿನ ಕ್ರಯಪತ್ರ, ಸಂಬಳದ ಚೀಟಿ, ವಾಟ್ಸಾಪಿನಲ್ಲಿ ಬೈದಾಡಿಕೊಂಡ ಪ್ರಿಂಟೌಟು. ಅದರ ಬದಲು ತಾಯಿ ಕಾರ್ಡು ತನ್ನಿ. ಚುಚ್ಚುಮದ್ದು ಯಾವ ಯಾವ ತಾರೀಖಿಗೆ ಆಯಿತು ಎಂಬುದು ಅದರಲ್ಲಿ ತಿಳಿಯುತ್ತದೆ. ಶಾಲೆಯ ಪೋಷಕರ ಸಭೆಗೆ ಯಾರು ಸಹಿ ಹಾಕಿದ್ದಾರೆ, ಫೀಸು ರಸೀದಿ ಯಾರ ಹೆಸರಿನಲ್ಲಿದೆ, ಜ್ವರ ಬಂದಾಗ ಆಸ್ಪತ್ರೆಯ ಚೀಟಿ ಮಾಡಿಸಿದವರು ಯಾರು, ಮನೆಯಿಂದ ಶಾಲೆ ಎಷ್ಟು ದೂರ, ನೀವು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಯಾರು. ಮಗುವಿನ ಮೇಷ್ಟರ ಹೆಸರೇನು ಎಂದು ಪಾಟೀ ಸವಾಲಿನಲ್ಲಿ ಕೇಳಿದಾಗ ವಕೀಲರ ಮುಖ ನೋಡುವ ಅಪ್ಪನಿಗೆ ಎಷ್ಟು ಎಕರೆ ಇದ್ದರೇನು? ಈ ಒಂದು ಪ್ರಶ್ನೆಗೆ ತಬ್ಬಿಬ್ಬಾದ ಅಮ್ಮಂದಿರನ್ನೂ ಕಂಡಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಅಜ್ಜಿ-ತಾತನ ಪಾತ್ರ ದೊಡ್ಡದು. ಅಪ್ಪ-ಅಮ್ಮ ಬೆಂಗಳೂರಿನಲ್ಲಿ, ಮಗು ಅರಕಲಗೂಡಿನ ಹಳ್ಳಿಯಲ್ಲಿ ಅಜ್ಜಿಯ ಮಡಿಲಲ್ಲಿ, ಇದು ಎಷ್ಟು ಮನೆಗಳ ಕಥೆ! ತಾಯಿ ತೀರಿಕೊಂಡ ಮೇಲೆ ತಾಯಿಯ ಕಡೆಯವರಿಗೂ ತಂದೆಗೂ ಜಗಳ ಹತ್ತುವುದೂ ಇದೆ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಇಂಥ ಒಂದು ಮುಸ್ಲಿಂ ಕುಟುಂಬದ ಪ್ರಕರಣ 2010ರಲ್ಲಿ ತೀರ್ಮಾನವಾಯಿತು. ತಂದೆ ಮತ್ತೆ ಮದುವೆಯಾಗಿದ್ದ; ಮಕ್ಕಳು ತಾಯಿಯ ತಂದೆ ಮತ್ತು ಚಿಕ್ಕಮ್ಮಂದಿರ ಬಳಿ ಇದ್ದರು. ಪಾಲಕತ್ವ ಬೇರೆ, ಮಗುವನ್ನು ವಶದಲ್ಲಿ ಇಟ್ಟುಕೊಳ್ಳುವುದು ಬೇರೆ ಎಂದು ವಿವರಿಸಿದ ಕೋರ್ಟು, ಮೂಲ ಅರ್ಜಿ ಇತ್ಯರ್ಥವಾಗುವವರೆಗೆ ಮಕ್ಕಳನ್ನು ಇದ್ದಲ್ಲಿಂದ ಕದಲಿಸಲಿಲ್ಲ. ಇದನ್ನು ಓದಿ ಅಜ್ಜಿ-ತಾತಂದಿರು ಗೆದ್ದೆವು ಎನ್ನಬೇಡಿ. 2019ರಲ್ಲಿ ಮಹಾರಾಷ್ಟ್ರದ ಇನ್ನೊಂದು ಪ್ರಕರಣದಲ್ಲಿ, ತಾಯಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಅವಳ ಅಕ್ಕ-ತಂಗಿ, ಅಣ್ಣ-ತಮ್ಮಂದಿರ ಬಳಿ ಬೆಳೆಯುತ್ತಿದ್ದ ಕೂಸನ್ನು ಅದೇ ಸುಪ್ರೀಂ ಕೋರ್ಟು ತಂದೆಗೆ ಕೊಡಿಸಿತು. ಅವನು ಕಾಯಿಲೆ ಬಿದ್ದಿದ್ದಾಗ ಮಗು ಅವರ ಬಳಿ ಹೋಗಿತ್ತೇ ಹೊರತು ಅವನು ಕೈಬಿಟ್ಟವನಾಗಿರಲಿಲ್ಲ. ಪಕ್ಕದ ಮನೆಯವರ ಕೇಸಿನಲ್ಲಿ ಹೀಗಾಯಿತು ಎಂಬುದನ್ನು ಹಿಡಿದು ಕುಣಿಯಬೇಡಿ. ಪ್ರತಿ ಮಗುವಿನ ಕಡತವೂ ಬೇರೆ.

ಪಾಲಕತ್ವ ಬೇರೆ ಎಂದೆನಲ್ಲ, ಅದು ಹೊಲ-ತೋಟ ಇರುವ ಮನೆಗಳಿಗೆ ಮುಖ್ಯ. ಹಿಂದೂ ಪಾಲಕತ್ವ ಕಾಯ್ದೆಯಲ್ಲಿ ಮೊದಲು ತಂದೆ, ಆಮೇಲೆ ತಾಯಿ ಎಂದು ಬರೆದಿದೆ. ಆದರೆ ತಂದೆ ಬದುಕಿದ್ದೂ ಮಗುವಿನ ಉಸಾಬರಿಯನ್ನೇ ನೋಡದಿದ್ದರೆ ತಾಯಿಯೇ ಸಹಜ ಪಾಲಕಿಯಾಗಬಹುದು ಎಂದು 1999ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ ತಂದೆಯ ಸಹಿ ಬೇಕು ಎಂದದ್ದಕ್ಕೆ ಆ ಕೇಸು ಹಾಕಿದವರು ಕಾದಂಬರಿಕಾರ್ತಿ ಗೀತಾ ಹರಿಹರನ್. ಇನ್ನು ಮಗುವಿನ ಸ್ವಂತ ಹೆಸರಿನಲ್ಲಿರುವ ಜಮೀನನ್ನು ಅಪ್ಪನಾಗಲಿ ಅಮ್ಮನಾಗಲಿ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ, ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಗುವೇ ಕ್ರಯವನ್ನು ರದ್ದು ಮಾಡಿಸಬಹುದು. ಇನ್ನೂ ಭಾಗವಾಗದ ಒಟ್ಟು ಕುಟುಂಬದ ಪಾಲಿಗೆ ಬೇರೆ ನಿಯಮ ಇದೆ. ಅದನ್ನು ವಕೀಲರ ಬಳಿ ಕೇಳಿ. ಮಗು ನನ್ನ ಹತ್ತಿರ ಇದೆ, ಆದ್ದರಿಂದ ಅದರ ಹೆಸರಿನ ಗದ್ದೆಯನ್ನೂ ನಾನೇ ಮಾರುತ್ತೇನೆ ಎಂದು ಹೊರಡುವುದಂತೂ ಬೇಡ.

ಕೇಸು ಶುರುವಾದ ಮೇಲೆ ಮೊದಲ ಕೆಲವು ತಿಂಗಳುಗಳೇ ಹೆಚ್ಚು ತೂಕದವು. ಅಂತಿಮ ತೀರ್ಪಿಗೆ ಎಷ್ಟು ವಾಯಿದೆ ಬೇಕೋ, ಆದರೆ ಮಧ್ಯಂತರ ಅರ್ಜಿಯ ಮೇಲಿನ ಆದೇಶ ಬೇಗ ಬರುತ್ತದೆ. ಮಗು ಈಗ ಎಲ್ಲಿದೆ, ಅಲ್ಲಿ ನೆಮ್ಮದಿಯಾಗಿದೆಯೇ, ಶಾಲೆಗೆ ಹೋಗುತ್ತಿದೆಯೇ ಎಂದು ನೋಡಿ, ಬಲವಾದ ಕಾರಣ ಇಲ್ಲದಿದ್ದರೆ ಕೋರ್ಟು ಅದನ್ನು ಅಲ್ಲಿಂದ ಕೀಳಲು ಹಿಂಜರಿಯುತ್ತದೆ. ಇದಕ್ಕೇ ನಾನು ಹೇಳುವುದು, ಜಗಳವಾಡಿ ಮನೆ ಬಿಟ್ಟು ಹೋಗುವಾಗ ಮಗುವನ್ನು ಆಮೇಲೆ ನೋಡಿಕೊಂಡರಾಯಿತು ಅಂತ ಬಿಟ್ಟು ಹೋಗಬೇಡಿ, ಆ ಆಮೇಲೆ ಎಂಬುದು ಎರಡು ವರ್ಷವಾಗಿರುತ್ತದೆ. ಹಾಗೆಯೇ ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಓಡಲೂ ಬೇಡಿ. ಹಾಗೆ ಮಾಡಿದ ಅಪ್ಪನೋ ಅಮ್ಮನೋ ಆಮೇಲೆ ಎಷ್ಟು ಚೆನ್ನಾಗಿ ನೋಡಿಕೊಂಡರೂ ಕಡತದ ಮೇಲಿನ ಆ ಕಲೆ ಹೋಗುವುದಿಲ್ಲ. ನಿಮ್ಮ ಮಗುವನ್ನೇ ಯಾರಾದರೂ ಹಾಗೆ ಒಯ್ದು ಮುಚ್ಚಿಟ್ಟರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವುದಕ್ಕೆ ಅವಕಾಶ ಇದೆ.

ಮಗುವಿನ ಬಾಯಲ್ಲಿ ನಿಮ್ಮ ಮಾತು ತುರುಕುವುದು, ಇದನ್ನು ಹೇಳಲೆಂದೇ ನಾನು ಇಷ್ಟು ಬರೆಯುತ್ತಿರುವುದು ಎಂದರೂ ಸರಿ. ನ್ಯಾಯಾಧೀಶರು ಮಗುವನ್ನು ಚೇಂಬರಿಗೆ ಕರೆದು ಒಬ್ಬರೇ ಮಾತಾಡಿಸುತ್ತಾರೆ. ಅಪ್ಪ-ಅಮ್ಮ, ವಕೀಲರು ಎಲ್ಲರೂ ಹೊರಗೆ. ಕೌಟುಂಬಿಕ ನ್ಯಾಯಾಲಯದಲ್ಲಿ ನೀವು ಕೇಳಿದರೆ ವಿಚಾರಣೆಯನ್ನೂ ಮುಚ್ಚಿದ ಬಾಗಿಲಿನ ಹಿಂದೆ ನಡೆಸಬೇಕು. ಚೇಂಬರಿನೊಳಗಿನ ಮಾತು ನಾನು ಕೇಳಬೇಕಾಗಿರಲಿಲ್ಲ, ಮಗು ಏನು ಹೇಳಲಿದೆ ಎಂಬುದು ಕಾರಿಡಾರಿನಲ್ಲೇ ಕೇಳುತ್ತಿತ್ತು. ಬೆಂಚಿನ ಮೇಲೆ ಕೂರಿಸಿಕೊಂಡು ಅಜ್ಜಿ ಪಾಠ ಒಪ್ಪಿಸಿಕೊಳ್ಳುತ್ತಿರುತ್ತಾರೆ: ಅಪ್ಪ ಬೇಡ ಅನ್ನು, ಅಪ್ಪ ಮಾನಸಿಕ ಕಿರುಕುಳ ಕೊಡ್ತಾರೆ ಅನ್ನು. ಏಳು ವರ್ಷದ ಮಗು ಕಿರುಕುಳ ಅನ್ನುತ್ತದೆಯೇ ತಾಯೀ? ಆ ಪದ ಕೇಳಿದ ತಕ್ಷಣ ನ್ಯಾಯಾಧೀಶರಿಗೆ ಅದು ಯಾರ ಪದ ಅಂತ ತಿಳಿದುಹೋಗುತ್ತದೆ. ಅವರು ಮಗುವನ್ನು ಕೇಳುವುದು ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ, ಹೋಂವರ್ಕ್ ಯಾರ ಜೊತೆ ಮಾಡುತ್ತೀ, ಅಜ್ಜನ ಮನೆಯಲ್ಲಿ ನಾಯಿ ಇದೆಯಾ ಅಂತ. ಒಪ್ಪಿಸಿದ ಪಾಠದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ.

ಕೋರ್ಟಿನ ಬೆದರಿಕೆ ಇರಲಿ, ಮಗುವಿನ ಗತಿ ನೋಡಿ. ಒಬ್ಬರನ್ನು ದ್ವೇಷಿಸಲು ಕಲಿಸಿದ ಮಗು ಮುಂದೆ ಇಬ್ಬರನ್ನೂ ನಂಬುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಎಂಟು ವರ್ಷದ ಹುಡುಗಿಯ ಪ್ರಕರಣ ಬಂತು. ತಂದೆಯ ಮನೆಯಲ್ಲೇ ಬೆಳೆದು ತಾಯಿಯಿಂದ ದೂರವಾಗಿದ್ದ ಮಗು. ತಂದೆಯೇ ಬೇಕು ಅನ್ನುತ್ತಿತ್ತು. ಅದನ್ನು ಅಷ್ಟಕ್ಕೇ ಒಪ್ಪದ ಕೋರ್ಟು, ಮಗುವಿನ ಮನಸ್ಸನ್ನು ಒಬ್ಬರಿಂದ ತಿರುಗಿಸುವುದರ ಹಾನಿಯನ್ನು ವಿವರಿಸಿ ತಾಯಿಯ ವಶಕ್ಕೆ ಕೊಟ್ಟಿದ್ದನ್ನು ಎತ್ತಿಹಿಡಿಯಿತು. ಮಗು ತಮ್ಮ ಬಳಿ ಇರುವವರು ಇದನ್ನು ಎರಡು ಸಲ ಓದಿ.

ಈಗ ಭೇಟಿಯ ವಿಷಯ. ಮಗು ಒಬ್ಬರ ಬಳಿ ಎಂದಾದ ಮೇಲೆ ಇನ್ನೊಬ್ಬರಿಗೆ ಭೇಟಿಯ ಅವಕಾಶ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಪ್ಪ-ಅಮ್ಮ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿ, ದೂರದಲ್ಲಿರುವವರಿಗೆ ಫೋನು, ವೀಡಿಯೊ ಕರೆಯಲ್ಲಿ ಮಾತಾಡುವ ಅವಕಾಶವನ್ನೂ ಸೇರಿಸಿತು. ನಮ್ಮಲ್ಲಿ ಭೇಟಿ ಅಂದರೆ ಹೀಗೆ: ಭಾನುವಾರ ಹಾಸನದ ಮಹಾರಾಜ ಪಾರ್ಕು, ಇಲ್ಲದಿದ್ದರೆ ಬಸ್ ಸ್ಟ್ಯಾಂಡಿನ ಹೋಟೆಲು. ಅಮ್ಮ ಒಂದು ಬೆಂಚಿನಲ್ಲಿ, ಅಪ್ಪ ಇನ್ನೊಂದು ಬೆಂಚಿನಲ್ಲಿ, ನಡುವೆ ಮಗು ಐಸ್ ಕ್ರೀಮು ಹಿಡಿದುಕೊಂಡು ಯಾರ ಮುಖ ನೋಡಬೇಕು ಅಂತ ತಿಳಿಯದೆ ನಿಂತಿರುತ್ತದೆ. ಆದೇಶದಲ್ಲಿ ಬರೀ ವಾರಕ್ಕೊಮ್ಮೆ ಭೇಟಿ ಅಂತ ಬರೆಸಿದರೆ ಪ್ರತಿ ವಾರವೂ ಜಗಳ. ಎರಡನೇ, ನಾಲ್ಕನೇ ಭಾನುವಾರ, ಬೆಳಿಗ್ಗೆ ಎಷ್ಟು ಗಂಟೆಗೆ, ಎಲ್ಲಿ ಕರೆದೊಯ್ಯಬೇಕು, ಸಂಜೆ ಎಲ್ಲಿಗೆ ತಂದು ಬಿಡಬೇಕು, ಬಸ್ಸು ತಡವಾದರೆ ಯಾರಿಗೆ ಫೋನು ಮಾಡಬೇಕು, ಎಲ್ಲವನ್ನೂ ಬರೆಸಿ. ದಸರಾ ರಜೆ ಯಾರ ಬಳಿ, ಏಪ್ರಿಲ್-ಮೇ ರಜೆಯಲ್ಲಿ ಎಷ್ಟು ದಿನ ಯಾರ ಬಳಿ, ದೀಪಾವಳಿಗೆ ಮೊದಲು ಹಾಸನಾಂಬೆಯ ಬಾಗಿಲು ತೆಗೆದಾಗ ಯಾರ ಜೊತೆ ದರ್ಶನ, ಯುಗಾದಿ ಯಾರ ಮನೆಯಲ್ಲಿ, ಇವೂ ಇರಲಿ. ಅಪ್ಪ ರಾಮನಾಥಪುರದ ಕಡೆಯ ಹೊಗೆಸೊಪ್ಪಿನ ರೈತನಾದರೆ, ಸೊಪ್ಪು ಬೇಯಿಸುವ ದಿನಗಳಲ್ಲಿ ರಾತ್ರಿಯೆಲ್ಲ ಬ್ಯಾರನ್ ಕಾಯುವವನು ಬೆಳಿಗ್ಗೆ ಹತ್ತಕ್ಕೆ ಹಾಸನಕ್ಕೆ ಬರುವುದು ಹೇಗೆ? ಆ ತಿಂಗಳುಗಳಿಗೆ ಬೇರೆ ಏರ್ಪಾಡು ಕೇಳಿ. ಬರೆದು ಕೊಟ್ಟು ಕೇಳಿದರೆ ಕೋರ್ಟು ಇಂಥದ್ದನ್ನು ಖಂಡಿತ ನೋಡುತ್ತದೆ. ಇಬ್ಬರೂ ಸಮನಾಗಿ ಹೊಣೆ ಹೊರುವ ಏರ್ಪಾಡು ಕಾಯ್ದೆಯಲ್ಲೇ ಬರಲಿ ಎಂದು 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು. ಕಾಯ್ದೆಗೆ ಕಾಯಬೇಕಾಗಿಲ್ಲ, ನೀವಿಬ್ಬರೂ ಒಪ್ಪಿ ಬರೆದುಕೊಟ್ಟರೆ ಮಗುವಿಗೆ ಒಳ್ಳೆಯದೆಂದು ಕಂಡ ಏರ್ಪಾಡನ್ನು ಕೋರ್ಟು ಆದೇಶ ಮಾಡುತ್ತದೆ.

ದುಡ್ಡು ಕೊಟ್ಟರೆ ಮಗು ತೋರಿಸುತ್ತೇನೆ, ಮಗು ತೋರಿಸಿದರೆ ದುಡ್ಡು ಕೊಡುತ್ತೇನೆ, ಈ ವ್ಯಾಪಾರ ಬಿಟ್ಟುಬಿಡಿ. ಎರಡೂ ಬೇರೆ ಬೇರೆ ಬಾಧ್ಯತೆ. ಭೇಟಿ ಸಿಗಲಿಲ್ಲ ಅಂತ ಜೀವನಾಂಶ ನಿಲ್ಲಿಸುವಂತಿಲ್ಲ. ಜೀವನಾಂಶ ಬರಲಿಲ್ಲ ಅಂತ ಮಗುವನ್ನು ಬಚ್ಚಿಡುವಂತೆಯೂ ಇಲ್ಲ. ಎರಡಕ್ಕೂ ಅಮಲ್ಜಾರಿ ಅರ್ಜಿ ಇದೆ. ಜೀವನಾಂಶಕ್ಕೆ ಮೊದಲು ಸಿಆರ್‌ಪಿಸಿ 125 ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯ 144ನೇ ಕಲಂ. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಹಾಕಲೇಬೇಕು, ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕಕ್ಕೆ ಬರಬೇಕು ಎಂದು 2020ರ ಸುಪ್ರೀಂ ಕೋರ್ಟಿನ ತೀರ್ಪು ಹೇಳುತ್ತದೆ. ಮಗುವಿನ ವಿದ್ಯಾಭ್ಯಾಸ, ಪೋಷಣೆಯ ಮಧ್ಯಂತರ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನದೊಳಗೆ ಆದಷ್ಟೂ ಮುಗಿಸಬೇಕೆಂದು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮೇ ಹೇಳುತ್ತದೆ. ತಾರೀಖು ಹಿಡಿದು ವಕೀಲರಿಗೆ ನೆನಪು ಮಾಡಿ.

ಊರ ಪಂಚಾಯ್ತಿಯ ಬಗ್ಗೆಯೂ ಹೇಳಿಬಿಡಬೇಕು. ಯಜಮಾನರು ಕೂತು ರಾಜಿ ಮಾಡಿಸುವುದು ಒಳ್ಳೆಯದೇ, ಬೇಡ ಅನ್ನಲಾರೆ. ಆದರೆ ಛಾಪಾ ಕಾಗದದ ಮೇಲೆ, ಮಗುವಿನ ಮೇಲೆ ನನಗೆ ಹಕ್ಕಿಲ್ಲ, ಇಷ್ಟು ಲಕ್ಷ ತೆಗೆದುಕೊಂಡು ಮುಂದೆ ಮಗುವಿನ ಖರ್ಚನ್ನೂ ಕೇಳುವುದಿಲ್ಲ ಎಂದು ಬರೆಸಿಕೊಳ್ಳುತ್ತಾರಲ್ಲ, ಆ ಕಾಗದದಿಂದ ಕೋರ್ಟಿನ ಕೈ ಕಟ್ಟಲಾಗದು. ಮಗುವಿನ ಅನ್ನವನ್ನು ಬಿಟ್ಟುಕೊಡಲು ತಾಯಿಗೂ ಅಧಿಕಾರವಿಲ್ಲ. ರಾಜಿ ಆಗುವುದಾದರೆ ಕೋರ್ಟಿನ ಮುಂದೆಯೇ ಆಗಲಿ. ಕೌಟುಂಬಿಕ ನ್ಯಾಯಾಲಯಕ್ಕೆ 1984ರ ಕಾಯ್ದೆಯೇ ಮೊದಲು ರಾಜಿಗೆ ಯತ್ನಿಸುವ ಹೊಣೆ ಹೊರಿಸಿದೆ. ಆಪ್ತ ಸಮಾಲೋಚಕರ ಮುಂದೆ ಕೂತಾಗ ಹಳೆಯ ಕತೆ ತೆಗೆಯಬೇಡಿ. ಮುಂದಿನ ಜೂನ್‌ಗೆ ಮಗು ಯಾವ ಶಾಲೆಗೆ ಎಂಬುದರಿಂದ ಶುರು ಮಾಡಿ. ಗಂಡ-ಹೆಂಡತಿ ಒಂದಾಗದಿದ್ದರೂ ಆ ಒಂದು ಮಾತು ಇತ್ಯರ್ಥವಾಗಲಿ.

ಆದೇಶ ನಿಮಗೆ ವಿರುದ್ಧ ಬಂದರೆ ಕುಸಿಯಬೇಡಿ, ಪರವಾಗಿ ಬಂದರೆ ಬೀಗಬೇಡಿ. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು. ಅದಕ್ಕಿಂತ ಮುಖ್ಯವಾಗಿ, ಮಗುವಿನ ಆದೇಶ ಎಂದೂ ಕೊನೆಯದಲ್ಲ. ಮಗು ಬೆಳೆಯುತ್ತದೆ, ಅಪ್ಪ ಕುಡಿತ ಬಿಡಬಹುದು, ಅಮ್ಮನಿಗೆ ದೂರದೂರಿಗೆ ವರ್ಗವಾಗಬಹುದು, ಹನ್ನೆರಡರ ಹುಡುಗನಿಗೆ ಅಪ್ಪನ ಜೊತೆ ಇರಬೇಕು ಅನ್ನಿಸಬಹುದು. ಪರಿಸ್ಥಿತಿ ಬದಲಾಗಿದ್ದರೆ ಆದೇಶ ಬದಲಿಸಲು ಅರ್ಜಿ ಹಾಕಬಹುದು. ಇವತ್ತು ಮಗು ನಿಮ್ಮ ಬಳಿ ಇದೆ ಎಂದು ಆ ಕಡೆಯವರನ್ನು ಬಾಗಿಲಲ್ಲಿ ನಿಲ್ಲಿಸಿ ಬೈದು ಕಳಿಸಿದ್ದು ನಾಳೆ ಆ ಅರ್ಜಿಯಲ್ಲಿ ಬರುತ್ತದೆ.

ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ಗಂಡಸರಿಗೂ ವರಮಾನ ಮಿತಿಯೊಳಗಿದ್ದರೆ ಸಿಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, ಫೋನಿನಲ್ಲಾದರೆ 15100. ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಹಗಲು ರಾತ್ರಿ ನೋಡದೆ 1098ಕ್ಕೆ ಕರೆ ಮಾಡಿ.

ಮತ್ತೊಂದು. ಮಗುವನ್ನು ಹಾಜರುಪಡಿಸಿ ಎಂದು ಆದೇಶ ಇಲ್ಲದ ವಾಯಿದೆಗೆ ಅದನ್ನು ಕರೆದುಕೊಂಡು ಬರಬೇಡಿ. ಸಂಜೆ ಐದರವರೆಗೆ ಕೋರ್ಟಿನ ಬೆಂಚಿನ ಮೇಲೆ ಕೂತು ಅಪ್ಪ-ಅಮ್ಮನ ಹೆಸರು ಕೂಗುವುದನ್ನು ಅದು ಕೇಳಬೇಕಾಗಿಲ್ಲ. ಅವತ್ತು ಅದನ್ನು ಶಾಲೆಗೆ ಕಳಿಸಿ.